ಮೊದಲು ಕೈಯಲ್ಲಿ ತಿರುಗಿಸಿ ನೋಡು

ಹಳೆಯ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ ಮನೆಗೆ ತಂದೆಯಂತೆ, ಕೇಳಿ ಬಹಳ ಖುಷಿಯಾಯಿತು ಕಣಪ್ಪ. ಹಳೆಯದೆಂದು ಮನಸ್ಸು ಸಣ್ಣ ಮಾಡಿಕೊಳ್ಳಬೇಡ. ಎರಕದ ಮೈ ಗಟ್ಟಿಯಾಗಿದ್ದು ಬಾಲ್ ಸ್ಕ್ರೂ ಸವೆಯದೆ ಇದ್ದರೆ ಅದು ಇನ್ನೂ ಬಹಳ ಕಾಲ ದುಡಿಯುತ್ತದೆ. ಮೋಟರ್ ಟ್ಯೂನಿಂಗಿಗೆ ಕೂರುವ ಆತುರ ನಿನಗಿದೆ, ಗೊತ್ತು. ಆದರೆ ಸ್ಕ್ರೀನ್ ಮುಂದೆ ಕೂತು ಅಂಕಿ ಬದಲಾಯಿಸುವುದರಿಂದ ಶುರು ಮಾಡಬೇಡ.

ಪವರ್ ಆಫ್ ಮಾಡು. ಒಂದೊಂದು ಆಕ್ಸಿಸ್ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಕೈಯಲ್ಲೇ ನಿಧಾನವಾಗಿ ತಿರುಗಿಸು. ರಭಸದಿಂದ ತಿರುಗಿಸಿದರೆ ಮೋಟರೇ ಕರೆಂಟು ಹುಟ್ಟಿಸಿ ಡ್ರೈವರಿಗೆ ನುಗ್ಗಿಸುತ್ತದೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಕೈಗೆ ತಿಳಿಯಲಿ. ಗಟ್ಟಿಯಾದ ಹಳೇ ಗ್ರೀಸು, ಅತಿಯಾಗಿ ಬಿಗಿದ ಜಿಬ್ಬು, ಕಪ್ಲಿಂಗಿನಲ್ಲಿ ಸಡಿಲಾದ ಗ್ರಬ್ ಸ್ಕ್ರೂ, ಇವನ್ನು ಯಾವ ಸಾಫ್ಟ್‌ವೇರೂ ಸರಿಮಾಡುವುದಿಲ್ಲ.

ಆಕ್ಸಿಸ್ ತಿರುಗಿಸುವ ಸ್ಟೆಪ್ಪರ್ ಮೋಟರ್ ತಾನು ಎಲ್ಲಿದ್ದೇನೆಂದು ಕಂಪ್ಯೂಟರಿಗೆ ತಿರುಗಿ ಹೇಳುವುದಿಲ್ಲ. ಪಲ್ಸ್ ಹೋದ ಮೇಲೆ ಆ ಕೆಲಸ ಆಯಿತೆಂದೇ ಕಂಪ್ಯೂಟರಿನ ಲೆಕ್ಕ. ನಡುವೆ ಸ್ಟೆಪ್ ಮಿಸ್ ಆದರೂ ಸ್ಕ್ರೀನಿನ ಅಂಕಿ ಸರಿಯಾಗಿಯೇ ಕಾಣುತ್ತದೆ, ಜಾಬ್ ಮಾತ್ರ ಹಾಳಾಗಿರುತ್ತದೆ. ಇಷ್ಟು ನೆನಪಿದ್ದರೆ ವೇಗದ ದುರಾಸೆ ತಾನೇ ಇಳಿಯುತ್ತದೆ.

ಒಂದು ಮಿಲಿಮೀಟರಿಗೆ ಎಷ್ಟು ಸ್ಟೆಪ್ ಎಂಬುದು ಬರೀ ಲೆಕ್ಕ. 1.8 ಡಿಗ್ರಿ ಮೋಟರಿಗೆ ಸುತ್ತಿಗೆ 200 ಸ್ಟೆಪ್. ಡ್ರೈವರಿನಲ್ಲಿ 8 ಮೈಕ್ರೋಸ್ಟೆಪ್ ಇದ್ದರೆ 1600. ಸ್ಕ್ರೂವಿನ ಲೀಡ್ 5 ಮಿ.ಮೀ. ಆದರೆ 320. ಅಳತೆ ಕೂಡಲಿಲ್ಲವೆಂದು ಇದನ್ನು ಅಷ್ಟಿಷ್ಟು ಎಳೆದಾಡಬೇಡ. ಬ್ಯಾಕ್‌ಲ್ಯಾಶನ್ನು, ಅಂದರೆ ದಿಕ್ಕು ಬದಲಿಸಿದಾಗ ಕಾಣುವ ಸಡಿಲವನ್ನು, ಈ ಅಂಕಿಯೊಳಗೆ ಬಚ್ಚಿಡುವುದು ಕೆಟ್ಟ ಚಾಳಿ.

ನಿನ್ನ ತಾಳ್ಮೆ ಬೇಕಾಗುವುದು ವೇಗ ಮತ್ತು ಆಕ್ಸಿಲರೇಶನ್‌ನಲ್ಲಿ. ಮೆಷಿನ್ ನಡೆಸುವ ಮ್ಯಾಕ್3 ಸಾಫ್ಟ್‌ವೇರ್ ಪ್ಯಾರಲಲ್ ಪೋರ್ಟಿನಲ್ಲಿ 25,000 ಹರ್ಟ್ಜ್‌ನಲ್ಲಿ ಓಡುತ್ತಿದ್ದರೆ, 320 ಸ್ಟೆಪ್ಪಿನ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 4,687 ಮಿ.ಮೀ. ವರೆಗೆ ಪಲ್ಸ್ ಕಳಿಸಬಲ್ಲದು. ಪಲ್ಸ್ ಬಂತೆಂದು ಮೋಟರ್ ಅಷ್ಟು ವೇಗವಾಗಿ ಓಡಬೇಕಲ್ಲ! ಸುತ್ತು ಹೆಚ್ಚಿದಂತೆ ಅದರ ಟಾರ್ಕ್ ಕುಸಿಯುತ್ತದೆ, ಕಾಯಿಲಿನಲ್ಲಿ ಕರೆಂಟು ತುಂಬಿಕೊಳ್ಳಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ಆಕ್ಸಿಲರೇಶನ್ ಕಡಿಮೆ ಇಟ್ಟು ವೇಗವನ್ನು ಮೆಲ್ಲಗೆ ಏರಿಸು. ಮೋಟರ್ ಕೀರಲು ದನಿ ತೆಗೆದು ನಿಂತುಬಿಟ್ಟ ಅಂಕಿಯನ್ನು ಬರೆದುಕೊಂಡು, ಅದರ ಶೇ. 60ಕ್ಕೆ ಇಳಿಸು. ಆಮೇಲೆ ಆಕ್ಸಿಲರೇಶನ್ ಅನ್ನೂ ಹೀಗೇ ಹುಡುಕು. ಕಟರ್ ಲೋಹಕ್ಕೆ ಕಚ್ಚಿದಾಗ, ಚಳಿಗಾಲದ ಬೆಳಿಗ್ಗೆ ಎಣ್ಣೆ ಮಂದವಾಗಿದ್ದಾಗ ಆ ಉಳಿದ ಬಲ ಬೇಕಾಗುತ್ತದೆ. ಝಡ್ ಆಕ್ಸಿಸ್ ಸ್ಪಿಂಡಲನ್ನು ಹೊತ್ತು ಮೇಲೇರಬೇಕು, ಅದಕ್ಕೆ ಇನ್ನೂ ಕಡಿಮೆ ಕೊಡು.

ಕಿವಿ ಒಪ್ಪಿದರೂ ಡಯಲ್ ಗೇಜ್ ಒಪ್ಪಬೇಕು. ಮ್ಯಾಗ್ನೆಟಿಕ್ ಸ್ಟ್ಯಾಂಡಿನಲ್ಲಿ ಡಯಲ್ ಕಟ್ಟಿ, ಸೊನ್ನೆ ಮಾಡಿ, ಟೇಬಲನ್ನು ನೂರು ಸಲ ಹಿಂದೆ ಮುಂದೆ ಓಡಿಸಿ ಅಲ್ಲಿಗೇ ತಂದು ನಿಲ್ಲಿಸು. ದಿಕ್ಕು ಬದಲಿಸಿದಾಗ ಮಾತ್ರ ಕಾಣುವ, ಎಷ್ಟು ಓಡಿಸಿದರೂ ಬೆಳೆಯದ ವ್ಯತ್ಯಾಸ ಬ್ಯಾಕ್‌ಲ್ಯಾಶ್. ಓಡಿಸಿದಷ್ಟೂ ಬೆಳೆಯುತ್ತ ಹೋದರೆ ಸ್ಟೆಪ್ ಮಿಸ್ ಆಗುತ್ತಿದೆ. ನಿಧಾನವಾಗಿ ಓಡಿಸಿದಾಗಲೂ ಒಂದೇ ಕಡೆಗೆ ಅಷ್ಟಷ್ಟೇ ಸರಿಯುತ್ತಿದ್ದರೆ ಮೋಟರನ್ನು ಬೈಯಬೇಡ, ಸ್ಟೆಪ್ ಪಿನ್ನಿನ ಆಕ್ಟಿವ್ ಲೋ ಸೆಟ್ಟಿಂಗ್ ತಿರುಗಿಸಿ ನೋಡು. ದಿಕ್ಕು ಬದಲಾದಾಗಲೆಲ್ಲ ಒಂದೊಂದು ಸ್ಟೆಪ್ ತಪ್ಪುವುದು ಅಲ್ಲಿಂದಲೇ ಇರಬಹುದು.

ಮೋಟರ್ ಮುಟ್ಟಲಾಗದಷ್ಟು ಬಿಸಿಯಾದರೆ ಗಾಬರಿ ಬೇಡ, ಸ್ಟೆಪ್ಪರ್‌ಗಳು ಬಿಸಿಯಾಗಿಯೇ ಓಡುತ್ತವೆ. ಡ್ರೈವರಿನಲ್ಲಿಟ್ಟ ಕರೆಂಟು ಮೋಟರಿನ ಮೇಲೆ ಬರೆದದ್ದನ್ನು ಮೀರಿಲ್ಲವೇ ಎಂದಷ್ಟು ನೋಡು. ಪವರ್ ಇರುವಾಗ ಮೋಟರಿನ ವೈರನ್ನು ಮಾತ್ರ ಯಾವ ಕಾರಣಕ್ಕೂ ಕೀಳಬೇಡ ಮಗು, ಡ್ರೈವರ್ ಸುಟ್ಟುಹೋಗುತ್ತದೆ.

ಎಲ್ಲ ಹದಕ್ಕೆ ಬಂದ ದಿನ ಅಂಕಿಗಳನ್ನು ಕಾಗದದಲ್ಲಿ ಬರೆದು ಕಂಟ್ರೋಲ್ ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸು. ಮ್ಯಾಕ್3 ಈ ಸೆಟ್ಟಿಂಗನ್ನೆಲ್ಲ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ಇಟ್ಟುಕೊಂಡಿರುತ್ತದೆ, ಅದನ್ನು ಪೆನ್‌ಡ್ರೈವಿಗೆ ಹಾಕಿಕೋ. ಅದರ ಪ್ಯಾರಲಲ್ ಪೋರ್ಟ್ ಡ್ರೈವರ್ 64 ಬಿಟ್ ವಿಂಡೋಸಿನಲ್ಲಿ ನಡೆಯುವುದಿಲ್ಲ, ಹಾಗಾಗಿ ಅದು ಓಡುವ ಹಳೇ ಕಂಪ್ಯೂಟರನ್ನೂ ಮೆಷಿನ್ನಿನಷ್ಟೇ ಜೋಪಾನ ಮಾಡು.