ಹಾಸಿಗೆಯ ನಾಲ್ಕು ಮೂಲೆ ಹಿಡಿದವರು

ಮೊದಲು ಓದಿಕೊಳ್ಳಿ: ಸಂತ ಮಾರ್ಕನ ಶುಭಸಂದೇಶ 2:1–12, ಸಿರಾಖ 38:1–15



ಕಫೆರ್ನವುಮಿನ ಆ ಮನೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಯೇಸುಸ್ವಾಮಿ ಒಳಗೆ ಬೋಧಿಸುತ್ತಿದ್ದಾರೆ. ಬಾಗಿಲ ಬಳಿಯೂ ಕಾಲಿಡಲು ಜಾಗವಿಲ್ಲ. ಆಗ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತರುತ್ತಾರೆ. ದಾರಿ ಸಿಗದಿದ್ದಾಗ ಮಾಳಿಗೆ ಹತ್ತಿ, ಚಾವಣಿ ತೆರೆದು, ಅವನನ್ನು ಪ್ರಭುವಿನ ಮುಂದೆ ಇಳಿಸುತ್ತಾರೆ. ಪ್ರಭು ಕಂಡದ್ದು 'ಅವರ' ವಿಶ್ವಾಸವನ್ನು, ಒಬ್ಬನದಲ್ಲ, ಎಲ್ಲರದು. ನಾಲ್ವರಲ್ಲಿ ಒಬ್ಬ ಕೈಬಿಟ್ಟಿದ್ದರೂ ಹಾಸಿಗೆ ವಾಲುತ್ತಿತ್ತು, ರೋಗಿ ಬೀಳುತ್ತಿದ್ದ.

ಮನಸ್ಸಿನ ಕಾಯಿಲೆಯವರಿಗೆ ಚಿಕಿತ್ಸೆ ನೀಡುವ ಹೊರರೋಗಿ ವಿಭಾಗವೊಂದರಲ್ಲಿ ನಾನು ಆಪ್ತಚಿಕಿತ್ಸಕಿಯಾಗಿ ಕೆಲಸ ಮಾಡುತ್ತೇನೆ. ಪೀಣ್ಯದ ಕಾರ್ಖಾನೆಗಳಿಂದ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡಿನ ಕಂಪನಿಗಳಿಂದ ಜನ ನಮ್ಮಲ್ಲಿಗೆ ಬರುತ್ತಾರೆ. ಅವರಲ್ಲಿ ನಮ್ಮ ಧರ್ಮಕೇಂದ್ರಗಳವರೂ ಇದ್ದಾರೆ. ಆದರೆ ಅನೇಕರು ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. "ಪ್ರಾರ್ಥನೆ ಸಾಲಲಿಲ್ಲವೇನೋ" ಎಂಬ ಅಳುಕಿನಿಂದಲೇ ಹೊಸ್ತಿಲು ದಾಟುತ್ತಾರೆ. ಈ ಅಳುಕು ಹೋಗಲಿ ಎಂಬುದೇ ಈ ಪಾಠದ ಉದ್ದೇಶ.

ಒಂದು ಉದಾಹರಣೆ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರ ನಡೆಸುವ ಕೆಲಸದವರು. ವಯಸ್ಸು ಮೂವತ್ತನಾಲ್ಕು. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಹೋಗುತ್ತಾರೆ. ಇವರಿಗೆ ಕೆಲವು ವಾರಗಳಿಂದ ನಿದ್ದೆಯಿಲ್ಲ. ಬೆಳಗಿನ ಮೂರು ಗಂಟೆಗೇ ಎಚ್ಚರ. ಊಟ ಸೇರದು. ಕೈ ನಿಧಾನವಾಗಿ ತಯಾರಾದ ಬಿಡಿಭಾಗಗಳು ತಿರಸ್ಕೃತವಾಗತೊಡಗಿದವು. ಎಂದೋ ಹದಿನಾರನೆಯ ವಯಸ್ಸಿನಲ್ಲಿ ಮಾಡಿದ ಸಣ್ಣ ತಪ್ಪೊಂದು ನೆನಪಾಗಿ, "ದೇವರು ನನ್ನನ್ನು ಕ್ಷಮಿಸುವುದಿಲ್ಲ" ಎಂಬ ಮಾತು ಶುರುವಾಯಿತು. ವಾರಕ್ಕೆ ಎರಡು ಮೂರು ಸಲ ಪಾಪನಿವೇದನೆಗೆ ಹೋಗುತ್ತಿದ್ದರು. ಸಮಾಧಾನ ಮಾತ್ರ ಗುಡಿಯ ಬಾಗಿಲವರೆಗೂ ಉಳಿಯುತ್ತಿರಲಿಲ್ಲ.

ತಾಯಿ ನೊವೆನಾ ಹಿಡಿದರು. ನೆರೆಯವರು ದೃಷ್ಟಿಯಾಗಿದೆ ಎಂದರು. ಕೊನೆಗೆ ವಿಚಾರಣಾ ಗುರುಗಳು ಅವರಿಗೇ ನೇರವಾಗಿ, "ನಿಮಗಾಗಿ ಬಲಿಪೂಜೆಯಲ್ಲಿ ಪ್ರಾರ್ಥಿಸುತ್ತೇನೆ. ನೀವು ಡಾಕ್ಟರ ಬಳಿ ಹೋಗಿ, ಅದೂ ದೇವರ ಚಿತ್ತವೇ" ಎಂದರು. ಪಾಪನಿವೇದನೆಯಲ್ಲಿ ಕೇಳಿದ ಒಂದಕ್ಷರವನ್ನೂ ಗುರುಗಳು ನಮಗೆ ತಿಳಿಸಲಿಲ್ಲ, ತಿಳಿಸುವಂತೆಯೂ ಇಲ್ಲ. ರೋಗಿಯನ್ನು ಕಳುಹಿಸಿಕೊಟ್ಟರು, ಅಷ್ಟೆ. ಹಾಸಿಗೆಯ ಒಂದು ಮೂಲೆಯನ್ನು ಅವರು ಹೀಗೆ ಹಿಡಿದರು.

ತಂಡ ಎಂದರೇನು?

ಹೊರರೋಗಿ ವಿಭಾಗವೆಂದರೆ ರೋಗಿ ಆಸ್ಪತ್ರೆಯಲ್ಲಿ ಮಲಗುವುದಿಲ್ಲ. ಬಂದು, ಚಿಕಿತ್ಸೆ ಪಡೆದು, ಮನೆಗೆ ಮರಳುತ್ತಾರೆ. ಅಲ್ಲಿ ಒಬ್ಬರೇ ಎಲ್ಲವನ್ನೂ ಮಾಡುವುದಿಲ್ಲ.

ಮನೋವೈದ್ಯರು ಕಾಯಿಲೆ ಯಾವುದೆಂದು ನಿರ್ಧರಿಸಿ ಔಷಧಿ ಬರೆಯುತ್ತಾರೆ. ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೂ ಮನಸ್ಸು ಕುಗ್ಗುವುದುಂಟು. ಆದ್ದರಿಂದ ರಕ್ತಪರೀಕ್ಷೆಯನ್ನೂ ಮಾಡಿಸಿದರು. ದಾದಿಯವರು ತೂಕ ನೋಡಿ, ಊಟ ಬಿಟ್ಟಿರುವುದನ್ನು ಮೊದಲು ಗಮನಿಸಿದರು. ಸಮಾಜ ಕಾರ್ಯಕರ್ತರು ಮನೆಯವರೊಡನೆ ಮಾತನಾಡಿ, ವಾರಕ್ಕೊಮ್ಮೆ ಬದಲಾಗುವ ಪಾಳಿಯನ್ನೂ ಚೀಟಿ ಹಣಕ್ಕೆಂದು ಮಾಡಿದ ಸಾಲವನ್ನೂ ಕಂಡುಕೊಂಡರು.

ನನ್ನ ಪಾಲಿನ ಕೆಲಸ ಮಾತು; ಅದಕ್ಕಿಂತ ಹೆಚ್ಚಾಗಿ ಕೇಳುವುದು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂರುತ್ತಿದ್ದೆವು. ನಾನು ಬುದ್ಧಿವಾದ ಹೇಳುವುದಿಲ್ಲ. "ಧೈರ್ಯವಾಗಿರಿ" ಎಂದರೆ ಖಿನ್ನತೆ ಹೋಗುವುದಿಲ್ಲ. ಹೋಗುವುದಾಗಿದ್ದರೆ ಮನೆಯವರು ಹೇಳಿದಾಗಲೇ ಹೋಗುತ್ತಿತ್ತು. ದಿನಕ್ಕೊಂದು ಚಿಕ್ಕ ಕೆಲಸ ಗೊತ್ತುಮಾಡಿಕೊಂಡೆವು: ಮಗಳನ್ನು ಶಾಲೆಗೆ ಬಿಡುವುದು, ಸಂಜೆ ಹತ್ತು ನಿಮಿಷ ನಡೆಯುವುದು. "ನನಗೆ ಕ್ಷಮೆಯಿಲ್ಲ" ಎಂಬ ಯೋಚನೆ ಯಾವ ಹೊತ್ತಿನಲ್ಲಿ, ಎಷ್ಟು ನಿದ್ದೆಗೆಟ್ಟ ಮೇಲೆ ಬರುತ್ತದೆಂದು ಬರೆದಿಟ್ಟೆವು. ಅದು ದೇವರ ದನಿಯಲ್ಲ, ದಣಿದ ಮನಸ್ಸಿನ ದನಿಯೆಂದು ನಿಧಾನವಾಗಿ ಅವರೇ ಕಂಡುಕೊಂಡರು.

ವಾರಕ್ಕೊಮ್ಮೆ ನಾವೆಲ್ಲರೂ ಒಟ್ಟಿಗೆ ಕೂತು, ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ತಿಳಿಸುತ್ತೇವೆ. ಚಿಕಿತ್ಸೆಗೆ ಬೇಕಾದಷ್ಟನ್ನೇ ಹೇಳುತ್ತೇವೆ. ಹೀಗೆ ಹಂಚಿಕೊಳ್ಳುತ್ತೇವೆಂದು ರೋಗಿಗೂ ಮೊದಲೇ ತಿಳಿಸಿರುತ್ತೇವೆ.

ನಾನು ಕೈಸಡಿಲಿಸಿದ್ದು

ಆರನೆಯ ವಾರದ ಹೊತ್ತಿಗೆ ಅವರ ಮುಖದಲ್ಲಿ ಕಳೆ ಬಂದಿತ್ತು. ಒಂದು ಧ್ಯಾನಕೂಟಕ್ಕೂ ಹೋಗಿಬಂದಿದ್ದರು. ನನ್ನೆದುರು ಕೂತು, "ಮೇಡಂ, ಈಗ ದೇವರೇ ನೋಡಿಕೊಳ್ಳುತ್ತಿದ್ದಾರೆ. ಮಾತ್ರೆ ಬಿಟ್ಟೆ" ಎಂದರು. ಧ್ಯಾನಕೂಟದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ, ಅವರೇ ತೀರ್ಮಾನಿಸಿದ್ದರು. ಅವರ ಸಂತೋಷ ಕೆಡಿಸಲು ನನಗೆ ಮನಸ್ಸಾಗಲಿಲ್ಲ. "ಡಾಕ್ಟರನ್ನು ಕೇಳಿ" ಎಂದಷ್ಟೇ ಹೇಳಿದೆ. ಮುಂದಿನ ಸಭೆಯಲ್ಲಿ ತಿಳಿಸಿದರಾಯಿತು ಎಂದುಕೊಂಡೆ. ವೈದ್ಯರ ಕೊಠಡಿ ನನ್ನ ಕೊಠಡಿಯಿಂದ ಹತ್ತು ಹೆಜ್ಜೆ ದೂರ. ಆ ಹತ್ತು ಹೆಜ್ಜೆಯನ್ನು ನಾನು ಅಂದು ಇಡಲಿಲ್ಲ. ಆ ವಾರ ರಜೆ ಬಂದು ಸಭೆಯೂ ನಡೆಯಲಿಲ್ಲ.

ಸುಮಾರು ಹತ್ತು ದಿನ ಕಳೆದ ಮೇಲೆ, ಒಂದು ರಾತ್ರಿ, ಬದುಕು ಸಾಕಾಗಿದೆ ಎಂದು ಅವರು ಹೆಂಡತಿಗೆ ಹೇಳಿದರು. ಆ ತಾಯಿ ಬೈಯಲಿಲ್ಲ, ಅಳುತ್ತಾ ಕೂರಲಿಲ್ಲ. "ನಿಮ್ಮನ್ನು ಒಂಟಿಯಾಗಿ ಬಿಡುವುದಿಲ್ಲ" ಎಂದು ಪಕ್ಕದಲ್ಲೇ ಇಡೀ ರಾತ್ರಿ ಎಚ್ಚರವಾಗಿದ್ದರು. ಅಣ್ಣನನ್ನು ಕರೆಸಿಕೊಂಡರು. ಬೆಳಕು ಹರಿಯುತ್ತಲೇ ಆಟೋದಲ್ಲಿ ಆಸ್ಪತ್ರೆಗೆ ಕರೆತಂದು, ದಾದಿಯವರ ಕೈ ಹಿಡಿದು, "ನಮ್ಮವರನ್ನು ಉಳಿಸಿಕೊಡಿ" ಎಂದರು.

ಅವರು ಉಳಿದರು. ಔಷಧಿ ಮತ್ತೆ ಶುರುವಾಯಿತು. ಇಂದು ಕೆಲಸಕ್ಕೆ ಹೋಗುತ್ತಿದ್ದಾರೆ. ಆದರೆ ಆ ರಾತ್ರಿ ಹಾಸಿಗೆಯನ್ನು ಬೀಳದಂತೆ ಹಿಡಿದದ್ದು ಹೊಲಿಗೆಯ ಕೆಲಸದ ಒಬ್ಬ ಹೆಣ್ಣುಮಗಳು. ಪದವಿ ಪಡೆದ ನಾನಲ್ಲ. ಮರುವಾರ ತಂಡದ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಯಾವ ರೋಗಿಯೇ ಮಾತ್ರೆ ಬಿಟ್ಟರೆಂದು ತಿಳಿದರೂ ಅದೇ ದಿನ ವೈದ್ಯರಿಗೆ ತಿಳಿಸಬೇಕೆಂಬ ನಿಯಮ ನಮ್ಮಲ್ಲಿ ಅಂದಿನಿಂದ ಬಂದಿತು.

ನಮ್ಮ ಊರಿನ ಪರಂಪರೆ

ಹೀಗೆ ಕೂಡಿ ದುಡಿಯುವ ಪದ್ಧತಿ ಬೆಂಗಳೂರಿಗೆ ಹೊಸದಲ್ಲ. 1954ರಲ್ಲಿ ಇಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷವೇ ವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಒಂದೇ ಅಂಗಳದಲ್ಲಿ ತರಬೇತಿ ಆರಂಭವಾಯಿತು. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. 1970ರ ದಶಕದಲ್ಲೇ ನಿಮ್ಹಾನ್ಸ್ ನಗರದ ದಕ್ಷಿಣದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು, ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರಲ್ಲಿ ಇಡೀ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯಾಯಿತು. 1964ರಲ್ಲಿ ಇದೇ ನಗರದಲ್ಲಿ ಹುಟ್ಟಿದ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ನಿನ ಹೆಸರಲ್ಲೇ ವೈದ್ಯಕೀಯವೂ ಧರ್ಮಪಾಲನೆಯೂ ಕೈಜೋಡಿಸಿವೆ. ನಮ್ಮ ಧರ್ಮಸಭೆಯ ಸಂತ ಜಾನರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗವಿದೆ.

ಇಷ್ಟಿದ್ದರೂ, 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ.

ವಿಶ್ವಾಸದ ಸ್ಥಾನವೆಲ್ಲಿ?

ಸಿರಾಖನ ಗ್ರಂಥದಲ್ಲಿ ಪ್ರಾರ್ಥನೆಯೂ ವೈದ್ಯನೂ ಒಂದೇ ಅಧ್ಯಾಯದಲ್ಲಿದ್ದಾರೆ. ರೋಗಿಯು ದೇವರನ್ನು ಬೇಡಿಕೊಳ್ಳಲಿ, ವೈದ್ಯನಿಗೂ ಎಡೆಮಾಡಿಕೊಡಲಿ ಎಂಬುದು ಅದರ ತಿರುಳು. ಎಲೀಯನು ಮರದಡಿ ಕೂತು ಸಾವನ್ನು ಬೇಡಿದಾಗ ದೇವದೂತನು ಅವನನ್ನು ಗದರಿಸಲಿಲ್ಲ. ರೊಟ್ಟಿ, ನೀರು ಕೊಟ್ಟನು, ಮತ್ತೆ ಮಲಗಗೊಟ್ಟನು.

ಸಂತ ಜಾನ್ ಆಫ್ ಗಾಡ್ ಅವರನ್ನೂ ನೆನೆಯೋಣ. 16ನೆಯ ಶತಮಾನದಲ್ಲಿ ಗ್ರನಾಡಾ ನಗರದಲ್ಲಿ ತಮ್ಮ ಪಾಪಗಳಿಗಾಗಿ ಬೀದಿಯಲ್ಲಿ ಅಳುತ್ತಾ ಅಲೆದ ಅವರನ್ನು ಹುಚ್ಚರೊಡನೆ ಕೂಡಿಹಾಕಿ, ಅಂದಿನ ಪದ್ಧತಿಯಂತೆ ಹೊಡೆದರು. ಹೊರಬಂದ ಮೇಲೆ ಅವರು ರೋಗಿಗಳನ್ನು ಗೌರವದಿಂದ ಕಾಣುವ ಆಸ್ಪತ್ರೆ ಕಟ್ಟಿದರು. ಮಾರ್ಚ್ 8 ಅವರ ಹಬ್ಬ.

ಪಾಪನಿವೇದನೆ ಮತ್ತು ಆಪ್ತಚಿಕಿತ್ಸೆ ಒಂದೇ ಅಲ್ಲ. ಗುರುಗಳು ದೇವರ ಹೆಸರಿನಲ್ಲಿ ಪಾಪಕ್ಕೆ ಕ್ಷಮೆ ನೀಡುತ್ತಾರೆ. ಆ ಅಧಿಕಾರ ನನಗಿಲ್ಲ. ಕಾಯಿಲೆಯಿಂದ ಹುಟ್ಟಿದ ಅಪರಾಧಭಾವಕ್ಕೆ ನಾನು ಚಿಕಿತ್ಸೆ ನೀಡುತ್ತೇನೆ. ಅದು ಪಾಪನಿವೇದನೆಯ ಕೆಲಸವಲ್ಲ. ಪಾಪನಿವೇದನೆಯ ಗುಟ್ಟಿಗೆ ಯಾವ ವಿನಾಯಿತಿಯೂ ಇಲ್ಲ. ನಾನೂ ಗುಟ್ಟು ಕಾಯುತ್ತೇನೆ, ಆದರೆ ಜೀವಕ್ಕೆ ಅಪಾಯವಿದ್ದಾಗ ಮನೆಯವರಿಗೆ ಹೇಳಲೇಬೇಕಾಗುತ್ತದೆ.

ಆತ್ಮಹತ್ಯೆಯಿಂದ ಯಾರನ್ನಾದರೂ ಕಳೆದುಕೊಂಡ ಕುಟುಂಬಗಳಿಗೂ ಒಂದು ಮಾತು. 1917ರ ಧರ್ಮಸಭಾ ಕಾನೂನಿನಲ್ಲಿದ್ದ ಅಂತ್ಯಸಂಸ್ಕಾರದ ನಿಷೇಧ 1983ರ ಕಾನೂನಿನಲ್ಲಿ ಇಲ್ಲ. ಜೀವ ದೇವರ ಕೊಡುಗೆ, ಅದನ್ನು ಕಳೆಯುವ ಹಕ್ಕು ನಮಗಿಲ್ಲ ಎಂದು 1992ರ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಜೊತೆಗೇ, ತೀವ್ರ ಮಾನಸಿಕ ತೊಂದರೆಯು ವ್ಯಕ್ತಿಯ ಹೊಣೆಯನ್ನು ತಗ್ಗಿಸುತ್ತದೆ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದೂ ಹೇಳುತ್ತದೆ. ಅಂಥ ಮನೆಯವರನ್ನು ಕಂಡಾಗ ಪಿಸುಮಾತು ಬೇಡ. ಅವರೊಡನೆ ಕೂತು ಜಪಸರ ಹೇಳೋಣ.

ಮನೆಯವರು ಮಾಡಬಹುದಾದದ್ದು

1. ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಕೆಲಸ, ಮಾತು ಬದಲಾಗಿದ್ದರೆ ವೈದ್ಯರನ್ನು ಕಾಣಿ. ರಾತ್ರಿಪಾಳಿಯವರ ಮನೆಯಲ್ಲಿ ಹಗಲಿನ ನಿದ್ದೆಗೆ ಕತ್ತಲೆಯನ್ನೂ ಮೌನವನ್ನೂ ಒದಗಿಸಿ.

2. ಖಿನ್ನತೆಯ ಮಾತ್ರೆ ಫಲ ಕೊಡಲು ಎರಡರಿಂದ ನಾಲ್ಕು ವಾರ ಬೇಕಾಗಬಹುದು. ಗುಣವಾಯಿತೆನಿಸಿದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಧ್ಯಾನಕೂಟಕ್ಕೆ ಹೋಗುವಾಗ ಮಾತ್ರೆಯೂ ಚೀಲದಲ್ಲಿರಲಿ.

3. "ಸಾಯಬೇಕೆನಿಸುತ್ತಿದೆಯೇ?" ಎಂದು ಕೇಳಲು ಹೆದರಬೇಡಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಹೊರೆ ಇಳಿಯುತ್ತದೆ. ಹೌದೆಂದರೆ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ದೂರವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

4. ಕಂಪನಿಗೆ ಗೊತ್ತಾದರೆ ಕೆಲಸ ಹೋದೀತೆಂದು ಅನೇಕರ ಭಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಯ ವಿವರಗಳನ್ನು ಗುಟ್ಟಾಗಿಡಬೇಕೆನ್ನುತ್ತದೆ. ವಿಮೆಯಲ್ಲೂ ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಯಂತೆಯೇ ಕಾಣಬೇಕೆಂದು ವಿಧಿಸುತ್ತದೆ. ಇ.ಎಸ್.ಐ. ಇರುವ ಕಾರ್ಮಿಕರಿಗೆ ಕೆಲವು ತೀವ್ರ ಮನೋರೋಗಗಳಲ್ಲಿ, ನಿಬಂಧನೆಗಳಿಗೆ ಒಳಪಟ್ಟು, ದೀರ್ಘಾವಧಿಯ ಕಾಯಿಲೆ ಭತ್ಯೆಯೂ ಉಂಟು.

ಚಿಂತನೆಗೆ

1. ನಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಹಾಸಿಗೆ ಹಿಡಿದ ಮನಸ್ಸು ಯಾರದು? ನಾನು ಯಾವ ಮೂಲೆ ಹಿಡಿಯಬಲ್ಲೆ?

2. ಮನೋರೋಗಿಗಳ ಬಗ್ಗೆ ನಾವು ಆಡುವ ಯಾವ ಮಾತುಗಳನ್ನು ಬಿಡಬೇಕು?

3. ಫೆಬ್ರುವರಿ 11ರ ವಿಶ್ವ ರೋಗಿಗಳ ದಿನದಂದು ನಮ್ಮ ಧರ್ಮಕೇಂದ್ರವು ಇಂಥ ಕುಟುಂಬಗಳಿಗಾಗಿ ಏನು ಮಾಡಬಹುದು?

ಪ್ರಾರ್ಥನೆ

ದಯಾಮಯರಾದ ಯೇಸುವೇ, ಎದ್ದು ಬರಲಾರದವರನ್ನು ನಿಮ್ಮ ಬಳಿಗೆ ಹೊತ್ತು ತರುವ ಬಲವನ್ನು ನಮಗೆ ಕೊಡಿ. ನಮ್ಮ ಕೈ ಸೋತಾಗ ಪಕ್ಕದವರನ್ನು ಕೂಗಿ ಕರೆಯುವ ವಿನಯವನ್ನೂ ಕೊಡಿ. ವೈದ್ಯರನ್ನು, ದಾದಿಯರನ್ನು, ಕೇಳಿಸಿಕೊಳ್ಳುವವರೆಲ್ಲರನ್ನು, ರಾತ್ರಿಯೆಲ್ಲ ಎಚ್ಚರವಾಗಿರುವ ತಾಯಂದಿರನ್ನೂ ಹೆಂಡಂದಿರನ್ನೂ ಆಶೀರ್ವದಿಸಿರಿ. ಆಮೆನ್.