ನೀಲಗಿರಿಯ ಹಳದಿ ಹೂವಿನ ಗಿಡ: ವಾಟಲ್

ವಿದ್ಯಾರ್ಥಿಗಳೇ, ಉದಕಮಂಡಲ, ಕೂನೂರು, ಕೋಟಗಿರಿಗಳ ಸುತ್ತಿನ ಗುಡ್ಡಗಳಲ್ಲಿ ಹಳದಿ ಹೂಗೊಂಚಲು ಹೊತ್ತು ನಿಲ್ಲುವ ವಾಟಲ್ ಗಿಡ ಕಣ್ಣಿಗೆ ಹಬ್ಬ. ಆದರೆ ಅದು ಇಲ್ಲಿಯ ಗಿಡವಲ್ಲ. ಅದರ ತವರು ಆಸ್ಟ್ರೇಲಿಯಾದ ಆಗ್ನೇಯ ಭಾಗ ಮತ್ತು ಟಾಸ್ಮೇನಿಯಾ. ಒಂದು ಸಸ್ಯವನ್ನು ಅರಿಯಬೇಕಾದರೆ ಅದರ ಅಂಗಗಳ ಜೊತೆಗೆ ನೆಲೆಯನ್ನೂ ಅರಿಯಬೇಕೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಕೋಲುಗಳನ್ನು ಹೆಣೆದು ಮಣ್ಣು ಮೆತ್ತಿದ ತಡಿಕೆ ಗೋಡೆಯನ್ನು ನಾವು ಬಲ್ಲೆವು. ಅಂಥ ಹೆಣಿಗೆಗೆ ಇಂಗ್ಲಿಷಿನಲ್ಲಿ ವಾಟಲ್ ಎನ್ನುತ್ತಾರೆ. ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದವರು ಈ ಗಿಡದ ಕೋಲುಗಳಿಂದ ಗೋಡೆ ಹೆಣೆದುದರಿಂದ ಅದಕ್ಕೆ ಆ ಹೆಸರು ಬಂತು. ಸಸ್ಯಶಾಸ್ತ್ರದಲ್ಲಿ ಇದು ಅಕೇಶಿಯ. ನಮ್ಮ ಜಾಲಿ, ಸೀಗೆ, ಮುಟ್ಟಿದರೆ ಮುನಿಗಳೆಲ್ಲ ಇದರ ಬಳಗವೇ. ಜಾಲಿಗೆ ಮುಳ್ಳುಂಟು, ವಾಟಲ್‌ಗೆ ಇಲ್ಲ.

ನೀಲಗಿರಿಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಬೆಳ್ಳಿ ವಾಟಲ್ ಮತ್ತು ಕಪ್ಪು ವಾಟಲ್‌ಗಳ ಎಲೆ ಹುಣಿಸೆ ಎಲೆಗಿಂತಲೂ ಸಣ್ಣ ಕಿರುಎಲೆಗಳಾಗಿ ಎರಡು ಬಾರಿ ಒಡೆದಿರುತ್ತದೆ. ಬೆಳ್ಳಿ ವಾಟಲ್‌ನ ಎಲೆಗೆ ಬೂದುಬಣ್ಣದ ಹೊಳಪಿದೆ, ಕಪ್ಪು ವಾಟಲ್‌ನದು ಕಡುಹಸಿರು. ಮೂರನೆಯದಾದ ಬ್ಲ್ಯಾಕ್‌ವುಡ್‌ನ ಎಳೆಸಸಿಯಲ್ಲಿ ಇಂಥದೇ ಎಲೆ ಕಾಣುತ್ತದೆ. ಬೆಳೆದಂತೆ ಕಿರುಎಲೆಗಳು ಮಾಯವಾಗಿ, ತೊಟ್ಟೇ ಅಗಲವಾಗಿ ಎಲೆಯ ಕೆಲಸ ಮಾಡುತ್ತದೆ.

ನಾವು ಒಂದು ಹೂವೆಂದು ತಿಳಿಯುವ ಹಳದಿ ಚೆಂಡು ನಿಜಕ್ಕೂ ಹಲವು ಪುಟ್ಟ ಹೂಗಳ ಗುಂಪು. ಚೆಂಡಿಗೆ ಬಣ್ಣ ಬರುವುದು ದಳಗಳಿಂದಲ್ಲ, ಲೆಕ್ಕವಿಲ್ಲದಷ್ಟು ಕೇಸರಗಳಿಂದ. ಕಾಯಿ ಅವರೆಯಂತೆ ಚಪ್ಪಟೆ, ಒಳಗೆ ಗಟ್ಟಿ ಸಿಪ್ಪೆಯ ಕಪ್ಪು ಬೀಜ. ಅದು ಮಣ್ಣಿನಲ್ಲಿ ಹತ್ತಾರು ವರ್ಷ ಕೆಡದೆ ಉಳಿದು, ಕಾಳ್ಗಿಚ್ಚಿನ ಬಿಸಿ ತಾಗಿದಾಗ ಮೊಳೆಯುತ್ತದೆ. ಬೇರುಗಂಟಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಒದಗಿಸುವುದರಿಂದ ಬಡ ಮಣ್ಣಿನಲ್ಲಿಯೂ ಗಿಡ ಸೊಂಪಾಗಿ ಬೆಳೆಯುತ್ತದೆ.

ಬೆಂಕಿ ಬೀಳುವ ತವರಿನಲ್ಲಿ ಈ ಗುಣಗಳೆಲ್ಲ ಬದುಕುವ ಉಪಾಯಗಳು. ಅಲ್ಲಿ ಬೀಜ ತಿನ್ನುವ ಕೀಟಗಳೂ ಇದ್ದು ಗಿಡವನ್ನು ಹತೋಟಿಯಲ್ಲಿಡುತ್ತವೆ. 19ನೆಯ ಶತಮಾನದಲ್ಲಿ ಬ್ರಿಟಿಷರು ಸೌದೆಗೆಂದು ವಾಟಲನ್ನು ನೀಲಗಿರಿಗೆ ತಂದರು. 20ನೆಯ ಶತಮಾನದಲ್ಲಿ ಚರ್ಮ ಹದಮಾಡುವ ತೊಗಟೆಗಾಗಿ ಕಪ್ಪು ವಾಟಲನ್ನು ಹುಲ್ಲುಗಾವಲುಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನೆಟ್ಟರು. ಸೌದೆ ಸಿಕ್ಕಿತು, ತೊಗಟೆಯೂ ಸಿಕ್ಕಿತು. ಆದರೆ ಹತೋಟಿಯ ಕೀಟಗಳಿಲ್ಲದ ಇಲ್ಲಿ ಗಿಡ ತಾನಾಗಿಯೇ ಹಬ್ಬಿತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ, ಹುಲ್ಲು ಮೇಯುವ ನೀಲಗಿರಿಯ ವರೆಯಾಡು, ಇವೆರಡಕ್ಕೂ ಬಯಲು ಬೇಕು. ವಾಟಲ್‌ನ ನೆರಳಲ್ಲಿ ಆ ಹುಲ್ಲು ಬಾಳದು.

ಹಾಗೆಂದು ಕಡಿದರೆ ಮುಗಿಯಿತೇ? ಇಲ್ಲ. ಬೆಳ್ಳಿ ವಾಟಲ್ ಬೇರಿನಿಂದಲೇ ಮತ್ತೆ ಚಿಗುರುತ್ತದೆ, ಮಣ್ಣಿನ ಬೀಜಗಳೂ ಏಳುತ್ತವೆ. ಕೆಲವೆಡೆ ಹಳೆಯ ವಾಟಲ್ ತೋಪಿನ ನೆರಳಿನಲ್ಲಿಯೇ ಶೋಲೆ ಕಾಡಿನ ಸಸಿಗಳು ಬೆಳೆಯುತ್ತಿವೆ. ಅಂಥಲ್ಲಿ ಒಮ್ಮೆಲೇ ಕಡಿದರೆ ಆ ಸಸಿಗಳಿಗೆ ಕೇಡು. ಆದ್ದರಿಂದ ಜಾಗ ನೋಡಿ ತೆಗೆಯಬೇಕು, ಎಳೆಸಸಿಗಳನ್ನು ವರ್ಷ ವರ್ಷವೂ ಕೀಳಬೇಕು, ಹುಲ್ಲನ್ನು ಮರಳಿ ನೆಡಬೇಕು. ಇಂಥ ಹೊರಗಿನ ಸಸ್ಯಗಳ ಹತೋಟಿಗಾಗಿ ತಮಿಳುನಾಡು ಸರ್ಕಾರ 2022ರಲ್ಲಿ ಒಂದು ನೀತಿಯನ್ನೇ ಪ್ರಕಟಿಸಿದೆ.

ಗಿಡದಲ್ಲಿ ದೋಷವಿಲ್ಲ, ನೆಟ್ಟ ಜಾಗ ತಪ್ಪಿತು. ಮುಂದೆ ಗುಡ್ಡ ಹತ್ತಿದಾಗ ವಾಟಲ್ ಹೂವನ್ನು ನೋಡಿ ಸಂತೋಷಪಡೋಣ; ಅದರ ಬುಡದಲ್ಲಿ ಹುಲ್ಲು ಉಳಿದಿದೆಯೇ ಎಂಬುದನ್ನೂ ಬಗ್ಗಿ ನೋಡೋಣ.