ನೀರಾವಿಯನ್ನು ತಡೆಯುವ ಪೊರೆ

ಆಷಾಢ ಮಾಸದಲ್ಲಿ ಬೆಲ್ಲದ ಅಚ್ಚೊಂದನ್ನು ತೆರೆದ ತಟ್ಟೆಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಅದರ ಮೈ ಜಿನುಗಿ ತಟ್ಟೆಗೆ ಅಂಟಿಕೊಳ್ಳುತ್ತದೆ. ಕರಿದಿಟ್ಟ ಮದ್ದೂರು ವಡೆಯೂ ಗರಿಗರಿಯನ್ನು ಕಳೆದುಕೊಂಡು ಮೆತ್ತಗಾಗುತ್ತದೆ. ಬೇಸಗೆಯಲ್ಲಾದರೋ ತೆರೆದಿಟ್ಟ ಕೊತ್ತಂಬರಿ ಸೊಪ್ಪು ಸಂಜೆಯೊಳಗೆ ಬಾಡಿಹೋಗುತ್ತದೆ. ಮೊದಲಿನ ಎರಡು ಪದಾರ್ಥಗಳು ನೀರನ್ನು ಪಡೆದು ಕೆಟ್ಟವು. ಮೂರನೆಯದು ನೀರನ್ನು ಕಳೆದುಕೊಂಡು ಕೆಟ್ಟಿತು. ಮೂರಕ್ಕೂ ಕಾರಣ ಒಂದೇ: ಕಣ್ಣಿಗೆ ಕಾಣದೆ ಸಂಚರಿಸುವ ನೀರಾವಿ.

ಈ ಸಂಚಾರವನ್ನು ತಡೆಯಲು ಇಪ್ಪತ್ತನೆಯ ಶತಮಾನದ ರಸಾಯನ ವಿಜ್ಞಾನವು ಒದಗಿಸಿದ ಸಾಧನವೇ ಕ್ಲಿಂಗ್ ಫಿಲ್ಮ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಇದನ್ನು ನಾವು ‘ಪೊರೆ’ ಎಂದು ಕರೆಯೋಣ. ಇದರ ದಪ್ಪ ಸುಮಾರು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ ಮಾತ್ರ. ನಮ್ಮ ತಲೆಗೂದಲು ಇದರ ಹಲವು ಪಟ್ಟು ದಪ್ಪವಾಗಿದೆ.

ಆದರೆ 2016ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಹೊರಡಿಸಿದ ಅಧಿಸೂಚನೆಯು ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳೊಡನೆ ಈ ಪೊರೆಯನ್ನೂ, ಅದರ ದಪ್ಪ ಎಷ್ಟೇ ಇರಲಿ, ನಿಷೇಧಿಸಿತು. ಹಾಗಾದರೆ ಅದರ ವಿಷಯವನ್ನು ಅಭ್ಯಾಸ ಮಾಡುವುದರಿಂದ ಏನು ಪ್ರಯೋಜನ? ಪ್ರಯೋಜನವುಂಟು. ಪೊರೆಯು ಯಾವ ಗುಣದಿಂದ ಆ ಕೆಲಸವನ್ನು ಮಾಡುತ್ತದೆಂಬುದನ್ನು ತಿಳಿದವನು ಅದೇ ಗುಣವುಳ್ಳ ಬೇರೆ ವಸ್ತುವನ್ನು ಕಂಡುಕೊಳ್ಳಬಲ್ಲನು.

ಪೊರೆಗಳಲ್ಲಿ ಹಲವು ಜಾತಿಗಳಿವೆ. ಅವುಗಳಲ್ಲೊಂದು ಪಾಲಿಥೀನಿನದು. 1933ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ಪ್ರಯೋಗಶಾಲೆಯಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಂಬ ವಿಜ್ಞಾನಿಗಳು ಎಥಿಲೀನ್ ಅನಿಲವನ್ನು ಅತಿಯಾದ ಒತ್ತಡಕ್ಕೆ ಗುರಿಮಾಡಿದಾಗ, ಪಾತ್ರೆಯಲ್ಲಿ ಮೇಣದಂತಹ ಬಿಳಿಯ ಪದಾರ್ಥವೊಂದು ಉಳಿದಿತ್ತು. ಅದೇ ಪಾಲಿಥೀನ್. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದುದೂ ಅದೇ 1933ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ ವರ್ಷವು ಮರೆಯಲಾರದು.

ಆ ಪದಾರ್ಥವು ಮೇಣದಂತೆ ತೋರಿದುದು ಆಕಸ್ಮಿಕವಲ್ಲ. ಮೇಣದಬತ್ತಿಯ ಪ್ಯಾರಾಫಿನ್ನಿನಲ್ಲಿ ಸುಮಾರು 20ರಿಂದ 40 ಇಂಗಾಲದ ಪರಮಾಣುಗಳು ಸರಪಣಿಯಂತೆ ಜೋಡಿಕೊಂಡಿರುತ್ತವೆ. ಪ್ರತಿಯೊಂದು ಕೊಂಡಿಗೂ ಜಲಜನಕದ ಪರಮಾಣುಗಳು ಅಂಟಿಕೊಂಡಿರುತ್ತವೆ. ಪಾಲಿಥೀನಿನಲ್ಲಿಯೂ ಇದೇ ಸರಪಣಿ. ಆದರೆ ಕೊಂಡಿಗಳು ಸಾವಿರಾರು. ನೀರಿನ ಅಣುವಿನ ಒಂದು ಪಾರ್ಶ್ವದಲ್ಲಿ ಸ್ವಲ್ಪ ಧನ ವಿದ್ಯುದಂಶವೂ ಇನ್ನೊಂದು ಪಾರ್ಶ್ವದಲ್ಲಿ ಸ್ವಲ್ಪ ಋಣ ವಿದ್ಯುದಂಶವೂ ಇರುವುದರಿಂದ ಅದಕ್ಕೆ ತನ್ನಂತಹ ಅಣುಗಳ ಸಹವಾಸವೇ ಹಿತ. ಎಣ್ಣೆಯೊಡನೆ ಬೆರೆಯದ ನೀರು ಈ ಸರಪಣಿಗಳ ನಡುವೆಯೂ ನುಸುಳಲಾರದು. ಪೊರೆಯು ಆವಿಯನ್ನು ತಡೆಯುವ ರಹಸ್ಯವು ಇದೇ.

ಇನ್ನು ಅದು ಪಾತ್ರೆಗೆ ಅಂಟಿಕೊಳ್ಳುವುದೇಕೆ? ಮನೆಗೆ ಬಂದ ಹೊಸ ಬಟ್ಟೆಯ ಹೊದಿಕೆಯಿಂದ ಒಂದು ಪಾಲಿಥೀನ್ ಪಟ್ಟಿಯನ್ನು ಕತ್ತರಿಸಿ, ಒಣಹವೆಯ ದಿನ ಹತ್ತಿಬಟ್ಟೆಯಿಂದ ಉಜ್ಜಿ ಕಾಗದದ ಚೂರುಗಳ ಬಳಿಗೆ ತನ್ನಿರಿ. ಚೂರುಗಳು ಹಾರಿ ಅದಕ್ಕೆ ಹತ್ತುತ್ತವೆ. ಸುರುಳಿಯಿಂದ ಬಿಡಿಸುವಾಗ ಪೊರೆಯಲ್ಲಿಯೂ ಹೀಗೆಯೇ ಸ್ಥಿರವಿದ್ಯುತ್ತು ಉತ್ಪನ್ನವಾಗುತ್ತದೆ. ಆದರೆ ಇದೊಂದೇ ಕಾರಣವಲ್ಲ. ಮಳೆಗಾಲದ ತೇವದ ಗಾಳಿಯಲ್ಲಿ ವಿದ್ಯುತ್ತು ಬೇಗನೆ ಸೋರಿಹೋದರೂ ಪೊರೆಯು ಗಾಜಿನ ಬಟ್ಟಲನ್ನು ಬಿಡುವುದಿಲ್ಲ. ಅಣುಗಳು ಅತ್ಯಂತ ಸಮೀಪಕ್ಕೆ ಬಂದಾಗ ಪರಸ್ಪರ ಆಕರ್ಷಿಸುತ್ತವೆ. ಇದಕ್ಕೆ ಡಚ್ ವಿಜ್ಞಾನಿ ವಾನ್ ಡರ್ ವಾಲ್ಸನ ಹೆಸರನ್ನಿಟ್ಟಿದ್ದಾರೆ. ಪೊರೆಯು ಬಹು ತೆಳುವೂ ಮೃದುವೂ ಆಗಿರುವುದರಿಂದ ಪಾತ್ರೆಯ ಮೈಯ ಏರುತಗ್ಗುಗಳನ್ನೆಲ್ಲ ಅನುಸರಿಸುತ್ತದೆ. ಸ್ಪರ್ಶದ ವಿಸ್ತೀರ್ಣ ಹೆಚ್ಚಿದಂತೆ ಈ ಆಕರ್ಷಣೆಯೂ ಹೆಚ್ಚುತ್ತದೆ.

ಈಗ ಬೆಲ್ಲದ ವಿಷಯಕ್ಕೆ ಬರೋಣ. ಅದರಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸಕ್ಕರೆಗಳೂ ಕೆಲವು ಲವಣಗಳೂ ಗಾಳಿಯ ತೇವವನ್ನು ಹೀರುತ್ತವೆ. ಪೊರೆಯನ್ನು ಬಿಗಿಯಾಗಿ ಸುತ್ತಿದರೆ ಆವಿಗೆ ದಾರಿಯಿಲ್ಲ. ಬಿಗಿಯಾದ ಮುಚ್ಚಳವುಳ್ಳ ಉಕ್ಕಿನ ಡಬ್ಬಿಯೂ ಇದನ್ನೇ ಮಾಡುತ್ತದೆ. ಒಂದೇ ತೂಕದ ಎರಡು ಬೆಲ್ಲದ ಚೂರುಗಳನ್ನು, ಒಂದನ್ನು ತಟ್ಟೆಯಲ್ಲಿಯೂ ಇನ್ನೊಂದನ್ನು ಡಬ್ಬಿಯಲ್ಲಿಯೂ ಇಟ್ಟು, ಒಂದು ವಾರದ ಕಾಲ ಪ್ರತಿದಿನ ತೂಗಿ ಬರೆದಿಡಿ. ತಟ್ಟೆಯ ಚೂರು ಗಾಳಿಯಿಂದ ಎಷ್ಟು ನೀರನ್ನು ಹೀರಿತೆಂಬುದು ತಕ್ಕಡಿಯಿಂದಲೇ ತಿಳಿಯುತ್ತದೆ.

ವಡೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ಬಿಸಿ ವಡೆಯನ್ನು ಸುತ್ತಿಟ್ಟರೆ ತಡೆಯೇ ಶತ್ರುವಾಗುತ್ತದೆ. ಒಂದು ಘನ ಮೀಟರ್ ಗಾಳಿಯು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 130 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಮಾತ್ರ. ತಣಿಯುವಾಗ ಮಿಕ್ಕ ಆವಿಯು ಹನಿಗಟ್ಟಿ ವಡೆಯ ಮೇಲೆಯೇ ಬೀಳುತ್ತದೆ. ಇದಲ್ಲದೆ ಪಿ.ವಿ.ಸಿ. ಎಂಬ ಜಾತಿಯ ಪೊರೆಯನ್ನು ಮೃದುಗೊಳಿಸಲು ಬೆರೆಸುವ ದ್ರವ್ಯಗಳು ಎಣ್ಣೆಯಲ್ಲಿ ಕರಗುತ್ತವೆ. ಬಿಸಿ ಹೆಚ್ಚಿದಷ್ಟೂ ಅವು ತಿಂಡಿಗೆ ಬೇಗ ಇಳಿಯುತ್ತವೆ. ಆದುದರಿಂದ ಕರಿದ ತಿಂಡಿಯನ್ನು ಪೂರ್ತಿಯಾಗಿ ಆರಲು ಬಿಟ್ಟು, ಬಳಿಕ ಡಬ್ಬಿಗೆ ಹಾಕುವುದೇ ಲೇಸು.

ಪಾಲಿಥೀನ್ ಪೊರೆಯು ಎಲ್ಲವನ್ನೂ ತಡೆಯುತ್ತದೆಂದು ತಿಳಿಯಬಾರದು. ಈರುಳ್ಳಿಯ ವಾಸನೆಯ ಅಣುಗಳಿಗೆ ಎಣ್ಣೆಯ ಸ್ವಭಾವವಿರುವುದರಿಂದ ಅವು ಸರಪಣಿಗಳ ನಡುವೆ ಮೆಲ್ಲನೆ ನುಸುಳುತ್ತವೆ. ಹೆಚ್ಚಿದ ಈರುಳ್ಳಿಯನ್ನು ಪೊರೆಯಿಂದ ಮುಚ್ಚಿಟ್ಟರೂ ಪಕ್ಕದ ಮೊಸರಿಗೆ ಅದರ ವಾಸನೆ ಹತ್ತಬಹುದು. ಇದಕ್ಕೆ ಗಾಜು ಅಥವಾ ಉಕ್ಕಿನ ಪಾತ್ರೆಯೇ ತಕ್ಕುದು.

ಆವಿಯನ್ನು ಹೊರಗಿಡುವ ಉಪಾಯವೇ ಆವಿಯನ್ನು ಒಳಗಿಡಲೂ ಆಗುತ್ತದೆ. ಇದರ ಸೊಗಸಾದ ನಿದರ್ಶನವು ಮಳವಳ್ಳಿ, ಮದ್ದೂರು ಕಡೆಯ ರೇಷ್ಮೆ ಬೆಳೆಗಾರರಿಗೆ ಪರಿಚಿತವಾದುದು. ಚಾಕಿ ಹುಳುಗಳಿಗೆ, ಎಂದರೆ ಎಳೆಯ ರೇಷ್ಮೆಹುಳುಗಳಿಗೆ, ಸುಮಾರು 27 ಡಿಗ್ರಿ ಉಷ್ಣತೆಯೂ ಶೇಕಡ 85ರಿಂದ 90ರಷ್ಟು ಆರ್ದ್ರತೆಯೂ ಬೇಕು. ಹಿಪ್ಪುನೇರಳೆಯ ಎಳೆಯ ಸೊಪ್ಪು ಒಣಗಿದರೆ ಅವು ತಿನ್ನಲಾರವು. ಇದಕ್ಕಾಗಿ ತಟ್ಟೆಯ ಕೆಳಗೂ ಮೇಲೂ ಮೇಣದ ಕಾಗದವನ್ನು ಹಾಸುವ ಪದ್ಧತಿಯುಂಟು. ಹುಳುಗಳು ಚರ್ಮ ಕಳಚುವ ಹೊತ್ತಿಗೆ ಹೊದಿಕೆಯನ್ನು ತೆಗೆದು, ಸುಣ್ಣದ ಪುಡಿಯನ್ನು ಉದುರಿಸಿ ಹಾಸನ್ನು ಒಣಗಿಸುತ್ತಾರೆ. ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬುದನ್ನು ಅರಿತಿರುವುದೇ ಇಲ್ಲಿನ ಜಾಣತನ. ಅದರಲ್ಲಿ ಒಂದು ಬೆಳೆಯ ಲಾಭನಷ್ಟವು ಅಡಗಿದೆ.

ಮೇಣದ ಕಾಗದದ ಪ್ಯಾರಾಫಿನ್ ಪಾಲಿಥೀನಿನ ಹತ್ತಿರದ ಬಂಧುವೆಂಬುದನ್ನು ಆಗಲೇ ನೋಡಿದೆವು. ಇನ್ನೊಬ್ಬ ಬಂಧುವು ನಮ್ಮ ಹಿತ್ತಲಿನಲ್ಲಿಯೇ ಇದೆ. ಬಾಳೆಲೆಯ ಮೇಲೆ ನೀರನ್ನು ಚಿಮುಕಿಸಿದರೆ ಅದು ಹರಡದೆ ಮುತ್ತಿನಂತೆ ಉರುಳುತ್ತದೆ. ಎಲೆಯ ಮೈಮೇಲಿನ ಸಹಜವಾದ ಮೇಣವೇ ಇದಕ್ಕೆ ಕಾರಣ. ಆ ಮೇಣದಲ್ಲಿಯೂ ಇಂಗಾಲದ ಉದ್ದವಾದ ಸರಪಣಿಗಳಿವೆ. ಎಲೆಯನ್ನು ಬೆಂಕಿಯಲ್ಲಿ ಬಾಡಿಸಿದರೆ ಅದು ಮೃದುವಾಗಿ, ಮಡಿಸಿದಂತೆ ಮಡಿಯುತ್ತದೆ. ಬಾಳೆಲೆಯು ಪಾತ್ರೆಗೆ ಅಂಟುವುದಿಲ್ಲವೆಂಬುದು ನಿಜ. ಅದಕ್ಕೆ ಬಾಳೆನಾರಿನ ಕಟ್ಟು ಬೇಕು. ಆದರೆ ತಿಪ್ಪೆಗೆ ಬಿದ್ದ ಎಲೆಯನ್ನು ಸೂಕ್ಷ್ಮಜೀವಿಗಳು ಬೇಗನೆ ಗೊಬ್ಬರವಾಗಿ ಮಾರ್ಪಡಿಸುತ್ತವೆ. ಪಾಲಿಥೀನಿನ ಸಾವಿರ ಕೊಂಡಿಗಳ ಸರಪಣಿಯನ್ನು ತುಂಡರಿಸಲು ಅವಕ್ಕೆ ಸುಲಭವಾಗಿ ಆಗದು. ಪೊರೆಯನ್ನು ಉಪಯುಕ್ತಗೊಳಿಸಿದ ಉದ್ದವೇ ಅದನ್ನು ಗದ್ದೆಯಲ್ಲಿಯೂ ನಾಲೆಯಲ್ಲಿಯೂ ಬಹುಕಾಲ ಉಳಿಯುವ ಕಸವನ್ನಾಗಿಸಿತು.

ವಿದ್ಯಾರ್ಥಿಗಳು ಮೂರು ಬಟ್ಟಲುಗಳಲ್ಲಿ ಸಮಪ್ರಮಾಣದ ನೀರನ್ನು ತೆಗೆದುಕೊಂಡು, ಒಂದನ್ನು ತೆರೆದಿಟ್ಟು, ಒಂದನ್ನು ಬಾಡಿಸಿದ ಬಾಳೆಲೆಯಿಂದಲೂ ಇನ್ನೊಂದನ್ನು ಮೇಣ ಸವರಿದ ಬಟ್ಟೆಯಿಂದಲೂ ಬಿಗಿಯಾಗಿ ಕಟ್ಟಿ, ಮೂರು ದಿನಗಳ ಬಳಿಕ ಉಳಿದ ನೀರನ್ನು ಅಳೆದು ನೋಡಬೇಕು. ಎಲೆಯು ದಿನದಿಂದ ದಿನಕ್ಕೆ ಒಣಗುವುದರಿಂದ ಫಲಿತಾಂಶವು ಹೇಗೆ ಬದಲಾಗುತ್ತದೆಂಬುದನ್ನೂ ಗಮನಿಸಬೇಕು. ಯಾವ ಪದಾರ್ಥಕ್ಕೆ ಯಾವ ಹೊದಿಕೆ, ಎಷ್ಟು ದಿನ ಎಂಬುದನ್ನು ಆ ಅಳತೆಗಳೇ ತಿಳಿಸುತ್ತವೆ.